ಸಾಕ್ಷಿ ಹೇಳಲು ನನಗಿನ್ನೂ ಆಗುವುದಿಲ್ಲ

ಓದುಗರ ಪತ್ರ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿ ಒಟ್ಟಿಗೆ ಇಟ್ಟಿದ್ದೇನೆ. ಮೂರೂ ಮನೆಯಲ್ಲಿ ಸಾವು ಕಂಡವರ, ಇಲ್ಲವೇ ಅಂಥ ಮನೆಗೆ ಹೋಗಿಬರುವವರ ಪತ್ರಗಳು. ಮೂರೂ ಚರ್ಚಿನ ಒಳಗಿನಿಂದ ಬಂದವು. ಬರೆದವರ ಗುರುತು ಹತ್ತದಂತೆ ಊರು, ಹೆಸರು ತೆಗೆದಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಅದಕ್ಕೆ ಅಷ್ಟು ಬೇಕು.

ಪ್ರಶ್ನೆ: ಅಕ್ಕಾ, ನಮ್ಮದು ಉಡುಪಿ ಜಿಲ್ಲೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್) ಸಭೆ. ಈ ಜನವರಿಯಲ್ಲಿ ನಮ್ಮ ಹತ್ತೊಂಬತ್ತು ವರ್ಷದ ಮಗ ಹೆದ್ದಾರಿಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು ಅವನೇ. ಸಭೆಯವರು ನಮ್ಮನ್ನು ಕೈಬಿಡಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಎರಡು ವಾರ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಬಿಡಲಿಲ್ಲ. ಗಂಜಿ, ಚಟ್ನಿ, ಪಲ್ಯ ಎಲ್ಲವೂ ಸ್ತ್ರೀ ಸಂಘದವರ ಮನೆಗಳಿಂದಲೇ ಬಂತು. ಸಭಾಪಾಲಕರು ಪೊಲೀಸ್ ಠಾಣೆಗೂ ನಮ್ಮ ಯಜಮಾನರ ಜೊತೆ ಹೋಗಿ ಬಂದರು. ಅದನ್ನೆಲ್ಲ ಮರೆಯಲಾರೆ. ಆದರೆ ಈಗ ಎಲ್ಲರೂ, "ಅವನು ಕರ್ತನ ಬಳಿ ಇದ್ದಾನೆ, ನೀವು ಸಂತೋಷಪಡಬೇಕು, ನಿರೀಕ್ಷೆ ಇಲ್ಲದವರ ಹಾಗೆ ಅಳಬಾರದು" ಎನ್ನುತ್ತಾರೆ. ಬರುವ ಬೆಳೆಹಬ್ಬದ ಆರಾಧನೆಯಲ್ಲಿ ದೇವರು ನಮ್ಮನ್ನು ಹೇಗೆ ನಡೆಸಿದರೆಂದು ನಾನು ಸಾಕ್ಷಿ ಹೇಳಬೇಕಂತೆ. ಕ್ವಯರಿಗೂ, ಅಂದರೆ ಚರ್ಚಿನ ಹಾಡುವ ತಂಡಕ್ಕೂ, ವಾಪಸ್ ಬರಬೇಕಂತೆ. ಹೋದ ತಿಂಗಳು ಒಂದು ಆದಿತ್ಯವಾರ ಗಟ್ಟಿ ಮನಸ್ಸು ಮಾಡಿ ಹೋದೆ. ಕೀಬೋರ್ಡಿನ ಮುಂದಿನ ಸ್ಟೂಲನ್ನು ಹೊಸ ಹುಡುಗ ತನ್ನ ಎತ್ತರಕ್ಕೆ ತಕ್ಕಂತೆ ತಗ್ಗಿಸಿಕೊಂಡಿದ್ದ. ಅದನ್ನು ನೋಡಿದೆ, ಎದ್ದು ಹೊರಗೆ ಬಂದೆ. ಆಮೇಲೆ ಹೋಗಿಲ್ಲ. ನನ್ನ ನಂಬಿಕೆ ಸಡಿಲವಾಗಿದೆಯೇ? ಇಷ್ಟು ಮಾಡಿದವರಿಗೆ "ಇಲ್ಲ" ಎಂದರೆ ಕೃತಘ್ನಳಾಗುತ್ತೇನೆಯೇ?

ಉತ್ತರ: ತಂಗಿ, ಬೆಳೆಹಬ್ಬದ ಸಾಕ್ಷಿಗೆ "ಇಲ್ಲ" ಎನ್ನಿ. ಇದರಲ್ಲಿ ಕೃತಘ್ನತೆ ಏನೂ ಇಲ್ಲ. ಅವರು ತಂದುಕೊಟ್ಟ ಗಂಜಿ ಸಾಲವಾಗಿರಲಿಲ್ಲ, ಅದನ್ನು ನೀವು ವೇದಿಕೆಯ ಮೇಲೆ ನಿಂತು ತೀರಿಸಬೇಕಾಗಿಲ್ಲ. ಸಭಾಪಾಲಕರನ್ನು ಒಬ್ಬರನ್ನೇ ಕಂಡು, "ನನಗಿನ್ನೂ ಆಗುವುದಿಲ್ಲ. ಆದಾಗ ನಾನೇ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಯಾರೂ ಕೇಳದಂತೆ ನೀವು ನೋಡಿಕೊಳ್ಳಿ" ಎನ್ನಿ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಠಾಣೆಯ ತನಕ ಜೊತೆಗೆ ಬಂದವರು ಇದನ್ನು ಅರ್ಥಮಾಡಿಕೊಳ್ಳುತ್ತಾರೆ ಎಂದು ನನಗೆ ಭರವಸೆ ಇದೆ.

ಇನ್ನು ನಂಬಿಕೆಯ ಮಾತು. ನಿಮಗೆ ಹೇಳುತ್ತಿರುವ ವಾಕ್ಯ ಬೈಬಲಿನಲ್ಲಿ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯ 4ನೇ ಅಧ್ಯಾಯದ್ದು. ಅದನ್ನು ಅರ್ಧಕ್ಕೆ ಕತ್ತರಿಸಿ ಹೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ, ನನಗೆ ಅದರ ಬಗ್ಗೆ ಸಿಟ್ಟೂ ಇದೆ. ನಿರೀಕ್ಷೆಯಿಲ್ಲದವರು ದುಃಖಿಸುವ ಹಾಗೆ ದುಃಖಿಸಬೇಡಿ ಎಂದು ಪೌಲ ಬರೆದ. ದುಃಖಿಸಲೇಬೇಡಿ ಎಂದು ಅವನು ಎಲ್ಲೂ ಬರೆಯಲಿಲ್ಲ. ಅದೇ ಪೌಲ ರೋಮಾಪುರದವರಿಗೆ ಬರೆಯುವಾಗ "ಅಳುವವರ ಸಂಗಡ ಅಳಿರಿ" ಎಂದಿದ್ದಾನೆ. ಅಳುವವರನ್ನು ಸುಮ್ಮನಿರಿಸಿ ಎಂದಿಲ್ಲ. ಯೇಸುವಿನ ಸ್ನೇಹಿತ ಲಾಜರ ಸತ್ತಾಗ ಅವನ ಸಮಾಧಿಯ ಹತ್ತಿರ ನಡೆದದ್ದನ್ನು ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಮತ್ತೆ ಓದಿ ನೋಡಿ. ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸಲಿದ್ದೇನೆ ಎಂದು ಯೇಸುವಿಗೆ ಗೊತ್ತಿತ್ತು. ಆದರೂ ಲಾಜರನ ಸಹೋದರಿ ಮರಿಯಳು ಅಳುವುದನ್ನು ಕಂಡು ಯೇಸುವೂ ಕಣ್ಣೀರು ಬಿಟ್ಟ. ಪುನರುತ್ಥಾನದ ಮಾತನ್ನು ಇನ್ನೊಬ್ಬ ಸಹೋದರಿ ಮಾರ್ಥಳಿಗೆ ಆಗಲೇ ಹೇಳಿಯಾಗಿತ್ತು. ಹೇಳಿದ ಮೇಲೂ ಅತ್ತ. ನಂಬಿಕೆಗಾಗಿ ಕಲ್ಲೆಸೆತಕ್ಕೆ ಬಲಿಯಾದ ಸ್ತೆಫನನನ್ನು ಹೂಣಿಟ್ಟ ಭಕ್ತರು ಅವನಿಗಾಗಿ ಬಹಳವಾಗಿ ಗೋಳಾಡಿದರು ಎಂದು ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿದೆ. ಅವರಿಗಿಂತ ಹೆಚ್ಚಿನ ನಿರೀಕ್ಷೆ ಇದ್ದವರು ಯಾರು?

ಕೀರ್ತನೆಗಳ ಪುಸ್ತಕದ 150ರಲ್ಲಿ ಸುಮಾರು ಮೂರನೆಯ ಒಂದು ಭಾಗ ಅಳಲಿನ ಕೀರ್ತನೆಗಳು. ಹೆಚ್ಚಿನವು ಅಳಲಿನಲ್ಲಿ ಶುರುವಾಗಿ ಸ್ತುತಿಯಲ್ಲಿ ಮುಗಿಯುತ್ತವೆ. 88ನೆಯದು ಹಾಗೆ ಮುಗಿಯುವುದಿಲ್ಲ, ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಅದನ್ನು ಯಾರೂ ತಿದ್ದಿ ಸರಿಮಾಡಲಿಲ್ಲ, ಪುಸ್ತಕದಿಂದ ಕಿತ್ತುಹಾಕಲೂ ಇಲ್ಲ. ಶುಭ ಶುಕ್ರವಾರ ನಾವು ಧ್ಯಾನಿಸುವ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಒಂದು 22ನೇ ಕೀರ್ತನೆಯ ಮೊದಲ ಸಾಲು, ಕೈಬಿಟ್ಟೆ ಏಕೆ ಎಂದು ದೇವರನ್ನು ಕೇಳುವ ಸಾಲು. ಅದನ್ನು ಕರ್ತನೇ ಕೇಳಿದ ಮೇಲೆ ನಿಮ್ಮ ಬಾಯಲ್ಲಿ ಬಂದರೆ ಹೇಗೆ ಅವಿಶ್ವಾಸವಾಗುತ್ತದೆ? ನಿಮಗೆ ಪ್ರಾರ್ಥನೆಗೆ ಮಾತೇ ಹೊರಡದಿದ್ದರೆ 88ನ್ನು ತೆಗೆದು ಗಟ್ಟಿಯಾಗಿ ಓದಿ. ಮುಗಿದ ಮೇಲೆ ಏನನ್ನೂ ಸೇರಿಸಬೇಡಿ.

ಸ್ಟೂಲಿನ ಸಂಗತಿ ಓದಿದಾಗ ನಾನು ಪತ್ರವನ್ನು ಕೆಳಗಿಟ್ಟೆ. ಆ ಹೊಸ ಹುಡುಗನ ತಪ್ಪು ಏನೂ ಇಲ್ಲ, ನಿಮಗೂ ಅದು ಗೊತ್ತು. ಆದರೆ ನಿಮ್ಮ ಮಗ ಕೂತಿದ್ದ ಜಾಗ ತುಂಬಿಹೋಗಿದೆ ಎಂಬುದನ್ನು ಆ ಸ್ಟೂಲು ನಿಮಗೆ ಎಲ್ಲರಿಗಿಂತ ಮೊದಲು ಹೇಳಿಬಿಟ್ಟಿತು. ಅದನ್ನು ಮೊದಲೇ ಒಬ್ಬರು ಬಂದು ನಿಮಗೆ ಹೇಳಬೇಕಿತ್ತು: "ಮುಂದಿನ ವಾರದಿಂದ ಇಂಥವರ ಮಗ ನುಡಿಸುತ್ತಾನೆ, ನಿಮಗೆ ಕಷ್ಟವಾಗಬಹುದು, ನಾವು ಜೊತೆಗಿರುತ್ತೇವೆ." ಇಷ್ಟು ಸಾಕಾಗಿತ್ತು. ಸಭೆಯವರು ಇದನ್ನು ಓದುತ್ತಿದ್ದರೆ, ಇನ್ನೂ ಹೊತ್ತು ಮೀರಿಲ್ಲ. ಕ್ವಯರಿನ ಹಿರಿಯರು ಆ ಹುಡುಗನನ್ನು ಕರೆದುಕೊಂಡು ಇವರ ಮನೆಗೆ ಹೋಗಲಿ. ಅವನಿಗೂ ಆ ಸ್ಟೂಲಿನ ಮೇಲೆ ಕೂರುವುದು ಸುಲಭವಾಗಿರಲಿಕ್ಕಿಲ್ಲ.

ಮತ್ತೆ ಚರ್ಚಿಗೆ ಹೋಗುವ ಮನಸ್ಸಾದಾಗ ಮೊದಲ ಸ್ತೋತ್ರ ಮುಗಿದ ಮೇಲೆ ಹೋಗಿ, ಪಕ್ಕದ ಬಾಗಿಲ ಬಳಿ ಕೊನೆಯ ಬೆಂಚಿನಲ್ಲಿ ಕೂರಿ. ಏಳಬೇಕೆನಿಸಿದರೆ ಎದ್ದುಹೋಗಿ. ಒಬ್ಬರೇ ಒಬ್ಬರಿಗೆ, ನಿಮಗೆ ಇಷ್ಟವಾದವರಿಗೆ, ಮೊದಲೇ ಹೇಳಿಟ್ಟಿರಿ: ನಾನು ಎದ್ದರೆ ನೀವೂ ಎದ್ದು ಬನ್ನಿ, ಏನೂ ಕೇಳಬೇಡಿ. ದೊಡ್ಡ ಆರಾಧನೆ ಆಗುವುದಿಲ್ಲ ಎನಿಸಿದರೆ ವಾರದ ನಡುವಿನ ಪ್ರಾರ್ಥನಾ ಕೂಟಕ್ಕೆ ಹೋಗಿ. ಅದೂ ಬೇಡವೆಂದರೆ ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸವನ್ನು ಮನೆಗೇ ತಂದುಕೊಡಿ ಎಂದು ಸಭಾಪಾಲಕರನ್ನು ಕೇಳಬಹುದು. ಹಾಸಿಗೆ ಹಿಡಿದವರಿಗೆ ಕೊಡುವುದಿಲ್ಲವೇ?

ಹತ್ತು ತಿಂಗಳಾದರೂ ಅಳು ನಿಂತಿಲ್ಲವಲ್ಲ ಎಂದು ನೀವು ಬರೆದಿಲ್ಲ, ಆದರೆ ಪತ್ರದ ಸಾಲುಗಳ ನಡುವೆ ಆ ಹೆದರಿಕೆ ಇದೆ. ನಾನು ನರ್ಸ್ ಆಗಿದ್ದವಳು, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರ ಆವೃತ್ತಿಯಲ್ಲಿ ದೀರ್ಘಕಾಲದ ಶೋಕವನ್ನು ಒಂದು ಕಾಯಿಲೆಯೆಂದು ಮೊದಲ ಸಲ ಸೇರಿಸಿಕೊಂಡಿತು. ಅದು ಕೂಡ ದೊಡ್ಡವರ ವಿಷಯದಲ್ಲಿ ಸಾವಾಗಿ ಕಡೇಪಕ್ಷ ವರ್ಷ ಕಳೆಯದೆ ಆ ಹೆಸರು ಹಚ್ಚಬಾರದು ಎನ್ನುತ್ತದೆ. ವರ್ಷ ಕಳೆದರೂ ಬರೀ ಅಳು ಸಾಲದು, ದಿನದ ಬದುಕೇ ನಿಂತುಹೋಗಿರಬೇಕು. ವೈದ್ಯರೇ ಇಷ್ಟು ಕಾಯುವಾಗ ಸಭೆ ಇನ್ನೂ ಹೆಚ್ಚು ಕಾಯಬೇಕು. ಆದರೆ ನಿದ್ದೆಯೇ ಬರದಿದ್ದರೆ, ಊಟ ಸೇರದೆ ಮೈ ಇಳಿಯುತ್ತಿದ್ದರೆ, ನಾನೂ ಅವನ ಹಿಂದೆ ಹೋಗಿಬಿಡಬೇಕು ಎಂಬ ಯೋಚನೆ ಬಂದರೆ, ಅವತ್ತೇ ವೈದ್ಯರ ಬಳಿ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಯಜಮಾನರಿಗೂ ಆ ನಂಬರ್ ಕೊಟ್ಟಿಡಿ. ಪತ್ರದಲ್ಲಿ ಅವರು ಠಾಣೆಗೆ ಹೋಗಿಬಂದದ್ದು ಮಾತ್ರ ಇದೆ, ಅವರು ಅತ್ತದ್ದು ಎಲ್ಲೂ ಇಲ್ಲ.

ಸಭೆಗಳಿಗೆ ಒಂದು ಮಾತು. ಮೊದಲ ಎರಡು ವಾರಗಳಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಪೆಟ್ಟಿಗೆ ತರಿಸುವುದರಿಂದ ಹಿಡಿದು ಸ್ಮಶಾನದಲ್ಲಿ ಗುಂಡಿ ತೋಡಿಸುವ ತನಕ ಎಲ್ಲವೂ ಒಂದು ಮಾತಿಲ್ಲದೆ ನಡೆದುಹೋಗುತ್ತದೆ. ಆಮೇಲಿನ ತಿಂಗಳುಗಳಿಗೆ ನಮ್ಮಲ್ಲಿ ಯಾವ ಏರ್ಪಾಡೂ ಇಲ್ಲ. ಆರಾಧನೆಯ ವಿಜ್ಞಾಪನಾ ಪ್ರಾರ್ಥನೆಯಲ್ಲಿ ಆ ಮನೆಯ ಹೆಸರು ಎರಡು ಮೂರು ವಾರ ಬರುತ್ತದೆ, ನಂತರ ಬಿಟ್ಟುಹೋಗುತ್ತದೆ. ಅದನ್ನು ಒಂದು ವರ್ಷ ಇಟ್ಟುಕೊಳ್ಳಲು ಏನು ಖರ್ಚು? ಮರಣದ ರಿಜಿಸ್ಟರ್ ಪ್ರತಿ ಚರ್ಚಿನಲ್ಲಿದೆ. ತಿಂಗಳಿಗೊಮ್ಮೆ ಅದನ್ನು ತೆರೆದು, ಹಿಂದಿನ ವರ್ಷ ಇದೇ ತಿಂಗಳಲ್ಲಿ ಯಾರು ಹೋದರು ಎಂದು ನೋಡಿ, ಆ ಮನೆಗೆ ಒಬ್ಬರು ಹೋಗಿಬರಲಿ. ಹುಟ್ಟುಹಬ್ಬದ ದಿನವನ್ನೂ ಬರೆದಿಟ್ಟುಕೊಳ್ಳಿ. ತಾಯಂದಿರಿಗೆ ಸಾವಿನ ದಿನಕ್ಕಿಂತ ಅದು ಹೆಚ್ಚು ಕಷ್ಟ.

ನಮ್ಮ ಕರಾವಳಿಗೆ 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರಲ್ಲಿ ಹೆಚ್ಚಿನವರು ಜರ್ಮನ್ ಮಾತಾಡುವ ನಾಡಿನವರು. ಆ ನಾಡಿನ ಪ್ರಾಟೆಸ್ಟಂಟ್ ಸಭೆಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. 1816ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ, ಆಗಮನ ಕಾಲಕ್ಕೆ (ಕ್ರಿಸ್ಮಸ್ಸಿಗೆ ಸಿದ್ಧವಾಗುವ ವಾರಗಳಿಗೆ) ಮುಂಚಿನ ಕೊನೆಯ ಆದಿತ್ಯವಾರವನ್ನು ತೀರಿಕೊಂಡವರ ಸ್ಮರಣೆಗೆ ಮೀಸಲಿಟ್ಟ. ಇವತ್ತಿಗೂ ಅಲ್ಲಿನ ಎಷ್ಟೋ ಸಭೆಗಳಲ್ಲಿ ಅವತ್ತು ಆ ವರ್ಷ ತೀರಿಹೋದ ಸಭಿಕರ ಹೆಸರುಗಳನ್ನು ಒಂದೊಂದಾಗಿ ಓದಿ, ಒಂದೊಂದು ಮೇಣದಬತ್ತಿ ಹಚ್ಚುತ್ತಾರೆ. ನಮ್ಮಲ್ಲೂ ಅದನ್ನು ಇಟ್ಟುಕೊಳ್ಳಬಹುದು. ಬೆಳೆಹಬ್ಬದ ಏಲಂ ಗದ್ದಲ ಮುಗಿದಿರುತ್ತದೆ, ಕ್ರಿಸ್ಮಸ್ಸಿನ ಗಡಿಬಿಡಿ ಶುರುವಾಗಿರುವುದಿಲ್ಲ. ಸಾಕ್ಷಿ ಬೇಡ, ಭಾಷಣ ಬೇಡ, ಹೆಸರು ಓದಿದರೆ ಸಾಕು.

ಕ್ರಿಸ್ಮಸ್ ಎಂದಾಗ ನೆನಪಾಯಿತು. ಕ್ಯಾರಲ್ ಹಾಡುತ್ತಾ ಮನೆ ಮನೆಗೆ ಬರುವ ತಂಡದವರು ಈ ವರ್ಷ ಸಾವಾದ ಮನೆಗಳನ್ನು ತಾವೇ ತೀರ್ಮಾನಿಸಿ ಬಿಟ್ಟುಹೋಗಬಾರದು, ಗಿಟಾರು ತಮಟೆ ಹಿಡಿದು ಒಮ್ಮೆಲೇ ನುಗ್ಗಲೂಬಾರದು. ಮೊದಲು ಕೇಳಿ ಬನ್ನಿ. "ಒಂದೇ ಹಾಡು, ಅಂಗಳದಲ್ಲಿ ನಿಂತು, ಮೆಲ್ಲಗೆ" ಎಂದರೆ ಹಾಗೆಯೇ ಮಾಡಿ. "ಈ ವರ್ಷ ಬೇಡ" ಎಂದರೆ ಮುಂದಿನ ವರ್ಷ ಮತ್ತೆ ಕೇಳಿ.

ಪ್ರಶ್ನೆ: ನಾನು ಧಾರವಾಡ ಕಡೆಯ ಒಂದು ಸಭೆಯ ಹಿರಿಯ. ಸಾವಾದ ಮನೆಗಳಿಗೆ ಭೇಟಿ ಕೊಡುವ ಜವಾಬ್ದಾರಿ ನನ್ನದು. ಹೋಗಿ ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ, ಚಹಾ ಕುಡಿದು ಬರುತ್ತೇವೆ. ಅದರಿಂದ ಅವರಿಗೆ ಏನಾದರೂ ಆಗುತ್ತದೆಯೋ ಇಲ್ಲವೋ ತಿಳಿಯುವುದಿಲ್ಲ. ಏನು ಮಾತಾಡಬೇಕು ಹೇಳಿ.

ಉತ್ತರ: ಅಣ್ಣನವರೇ, ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಕೂತರು, ಒಂದು ಮಾತೂ ಆಡಲಿಲ್ಲ. ಅಲ್ಲಿಯ ತನಕ ಎಲ್ಲವೂ ಸರಿಯಾಗಿತ್ತು. ಬಾಯಿ ತೆರೆದು ಕಾರಣ ಹೇಳಲು ಹೊರಟ ಮೇಲೆ ಕೆಟ್ಟಿತು, ಕೊನೆಗೆ ದೇವರೇ ಅವರ ಮೇಲೆ ಕೋಪಿಸಿಕೊಳ್ಳಬೇಕಾಯಿತು. ಹಾಗಾಗಿ ಮಾತಿನ ಚಿಂತೆ ಬಿಡಿ. ಓದಿ, ಪ್ರಾರ್ಥನೆ ಮಾಡಿದ ಮೇಲೆ ಎದ್ದುಬಿಡಬೇಡಿ. ಇನ್ನೂ ಸ್ವಲ್ಪ ಕೂರಿ.

ನನ್ನ ಯಜಮಾನರು ತೀರಿಹೋದ ಮಳೆಗಾಲದಲ್ಲಿ ನಮ್ಮ ಸ್ತ್ರೀ ಸಂಘದ ಹಿರಿಯರೊಬ್ಬರು ನಮ್ಮ ಮನೆಗೆ ಬರುತ್ತಿದ್ದರು. ಜಗಲಿಯ ಮೇಲೆ ಕೂರುತ್ತಿರಲಿಲ್ಲ, ನೇರವಾಗಿ ಹಿಂದಿನ ಬಾಗಿಲಿಗೆ ಬಂದು ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಹಲಸಿನ ಬೀಜ ಸುಲಿಯಲು ಶುರು ಮಾಡುತ್ತಿದ್ದರು. ನನಗೂ ಒಂದು ಹಿಡಿ ಕೊಡುತ್ತಿದ್ದರು. ಬಿಳಿ ಸಿಪ್ಪೆ ಉಗುರಿನ ಸಂದಿಗೆ ಚುಚ್ಚುವಾಗ ಕೈ ತಾನಾಗಿ ಕೆಲಸ ಮಾಡುತ್ತದೆ, ತಲೆ ಸ್ವಲ್ಪ ಹಗುರಾಗುತ್ತದೆ. ಒಂದು ದಿನ ಇದ್ದಕ್ಕಿದ್ದ ಹಾಗೆ ಕೇಳಿದರು: "ಅವರು ಚಹಾಕ್ಕೆ ಸಕ್ಕರೆ ಎಷ್ಟು ಹಾಕಿಕೊಳ್ಳುತ್ತಿದ್ದರು?" ಅವತ್ತಿನ ತನಕ ಬಂದವರೆಲ್ಲ ಅವರ ಕೊನೆಯ ದಿನಗಳ ಬಗ್ಗೆ, ಆಸ್ಪತ್ರೆಯ ಬಗ್ಗೆ ಕೇಳಿದ್ದರು. ಬದುಕಿದ್ದಾಗ ಅವರು ಹೇಗಿದ್ದರು ಎಂದು ಯಾರೂ ಕೇಳಿರಲಿಲ್ಲ. ಸಕ್ಕರೆ ಕಾಯಿಲೆ ಇದ್ದೂ ನನ್ನ ಕಣ್ಣು ತಪ್ಪಿಸಿ ಎರಡು ಚಮಚ ಹಾಕಿಕೊಳ್ಳುತ್ತಿದ್ದ ಕಥೆಯನ್ನು ಪೂರ್ತಿ ಹೇಳಿದೆ. ನಕ್ಕೆ, ಅತ್ತೆ. ಅವರು ಬೀಜ ಸುಲಿಯುತ್ತಲೇ ಇದ್ದರು.

ಆದ್ದರಿಂದ ತೀರಿಹೋದವರ ಹೆಸರು ಹಿಡಿದು ಮಾತಾಡಿ. ಹೆಸರೆತ್ತಿದರೆ ನೆನಪಾಗಿ ನೋಯುತ್ತಾರೆ ಎಂದು ನೀವು ಅಂಜಬಹುದು. ಮರೆತಿದ್ದರೆ ತಾನೇ ನೆನಪಾಗುವುದು? "ಏನಾದರೂ ಬೇಕಿದ್ದರೆ ಹೇಳಿ" ಎನ್ನಬೇಡಿ, ಯಾರೂ ಹೇಳುವುದಿಲ್ಲ. ನೀವೇ ಒಂದು ಕೆಲಸ ಹಿಡಿದುಕೊಳ್ಳಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಪ್ರಮಾಣಪತ್ರದ ಪ್ರತಿಗಳು ಹಲವು ಬೇಕಾಗುತ್ತವೆ, ಬ್ಯಾಂಕಿನಲ್ಲಿ ನಾಮಿನಿ ಅರ್ಜಿ, ಕುಟುಂಬ ಪಿಂಚಣಿ, ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು, ಎಷ್ಟೊಂದು ಇರುತ್ತದೆ. ಪ್ರತಿ ಕೌಂಟರಿನಲ್ಲೂ "ಇವರು ನಿಮಗೆ ಏನಾಗಬೇಕು?" ಎಂದು ಕೇಳುತ್ತಾರೆ, ಪ್ರತಿ ಸಲವೂ ಉತ್ತರ ಹೇಳಬೇಕು. ನಿಮ್ಮ ಸಭೆಯಲ್ಲಿ ನಿವೃತ್ತ ಬ್ಯಾಂಕ್ ನೌಕರರು, ತಾಲ್ಲೂಕು ಕಚೇರಿಯ ನೌಕರರು ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರು ಆ ವಿಧವೆಯ ಜೊತೆ ಸಾಲಿನಲ್ಲಿ ನಿಲ್ಲಲಿ. ಅದೂ ಭೇಟಿಯೇ.

ಹೆಂಡತಿ ತೀರಿಹೋದ ಗಂಡಸರನ್ನು ವಿಶೇಷವಾಗಿ ನೋಡಿಕೊಳ್ಳಿ. ಅವರ ಮನೆಗೆ ಊಟದ ಡಬ್ಬಿ ಬೇಗ ನಿಂತುಹೋಗುತ್ತದೆ, ಮಾತೂ ನಿಂತುಹೋಗುತ್ತದೆ. ಮಕ್ಕಳಿದ್ದರೆ ಸಂಡೇ ಸ್ಕೂಲಿನ ಶಿಕ್ಷಕಿಗೆ ಮೊದಲೇ ತಿಳಿಸಿ. ತಾಯಂದಿರ ದಿನಕ್ಕೆ ಕಾರ್ಡ್ ಮಾಡಿಸುವ ವಾರ ತಾಯಿಯಿಲ್ಲದ ಮಗು ಸುಮ್ಮನೆ ಬಣ್ಣದ ಪೆನ್ಸಿಲ್ ಹಿಡಿದು ಕೂರುವ ಹಾಗಾಗಬಾರದು.

ಪ್ರಶ್ನೆ: ನಾವು ಕೊಳ್ಳೇಗಾಲ ಕಡೆಯ ಕಥೋಲಿಕರು. ಎರಡು ವರ್ಷದ ಹಿಂದೆ ನಮ್ಮ ತಂದೆ ತಾವಾಗಿಯೇ ಪ್ರಾಣ ಕಳೆದುಕೊಂಡರು. ಸಾಲ ಇತ್ತು, ಕುಗ್ಗಿಹೋಗಿದ್ದರು. ಊರಲ್ಲಿ ಕೆಲವರು ಇಂಥವರಿಗೆ ಪೂಜೆ ಮಾಡಿಸುವಂತಿಲ್ಲ, ಅವರಿಗೆ ರಕ್ಷಣೆ ಇಲ್ಲ ಎಂದು ನಮ್ಮ ತಾಯಿಗೆ ಹೇಳಿದ್ದಾರೆ. ತಾಯಿ ಸತ್ತವರ ಸ್ಮರಣೆಯ ದಿನವಾದ ನವೆಂಬರ್ 2ರಂದು ಸಮಾಧಿಗೆ ಹೋಗಲೂ ಹೆದರುತ್ತಾರೆ. ಅವರು ಹೇಳುವುದು ನಿಜವೇ?

ಉತ್ತರ: ನಿಜವಲ್ಲ, ಮಗನೇ. ನಾನು ಸಿಎಸ್‌ಐ ಸಭೆಯವಳು, ಆದರೂ ಇದನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಇದು ನಿಮ್ಮ ಧರ್ಮಸಭೆಯೇ ಬರೆದಿಟ್ಟಿರುವ ಮಾತು. 1917ರ ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಇಂಥವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ನಿರಾಕರಿಸುವ ನಿಯಮ ಇತ್ತು. ಊರಿನ ಹಿರಿಯರು ಹೇಳುತ್ತಿರುವುದು ಆ ಕಾಲದ ಮಾತು. 1983ರ ಹೊಸ ಕಾನೂನಿನಲ್ಲಿ ಆ ನಿಯಮ ಇಲ್ಲ. 1992ರ ಧರ್ಮೋಪದೇಶದ ಗ್ರಂಥದಲ್ಲಿ 2282 ಮತ್ತು 2283ನೇ ಸಂಖ್ಯೆಗಳನ್ನು ತೆಗೆದು ನೋಡಿ. ಮನಸ್ಸಿನ ತೀವ್ರ ತಳಮಳ, ಸಂಕಟ, ಕಷ್ಟದ ಭಯ ಇವು ಆ ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತವೆ ಎಂದು ಅಲ್ಲಿದೆ. ಅವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದೂ ಇದೆ.

ಆ ಎರಡು ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ತಾಯಿಯ ಜೊತೆ ನೀವೇ ಧರ್ಮಗುರುಗಳ ಬಳಿ ಹೋಗಿ. ತಾಯಿಯನ್ನು ಒಬ್ಬರೇ ಕಳಿಸಬೇಡಿ. ಗುರುಗಳೇ ಇದನ್ನು ಅವರಿಗೆ ಬಾಯಿಬಿಟ್ಟು ಹೇಳಲಿ, ಸಾಧ್ಯವಾದರೆ ಒಮ್ಮೆ ಪ್ರಬೋಧನೆಯಲ್ಲೂ ಹೇಳಲಿ ಎಂದು ಕೇಳಿಕೊಳ್ಳಿ. ಊರಿನ ಬಾಯಿ ಮುಚ್ಚಲು ಅದೇ ದಾರಿ. ನಿಮ್ಮ ತಾಯಿ ಎರಡು ವರ್ಷದಿಂದ ಒಂದು ಸಾವನ್ನೂ ಒಂದು ಸುಳ್ಳನ್ನೂ ಒಟ್ಟಿಗೆ ಹೊತ್ತಿದ್ದಾರೆ. ನೀವೂ ಹೊತ್ತಿದ್ದೀರಿ. ಮೇಲೆ ಕೊಟ್ಟಿರುವ 14416 ನಿಮ್ಮಿಬ್ಬರಿಗೂ ಇರಲಿ.

ಬಲಿಪೂಜೆಗೆ ಹೆಸರು ಕೊಡುವಾಗ ತಂದೆಯ ಪೂರ್ತಿ ಹೆಸರು ಬರೆಸಿ, ಬಲಿಪೀಠದಿಂದ ಅದನ್ನು ಓದಲು ಹೇಳಿ. ನವೆಂಬರ್ 2ರಂದು ಎಲ್ಲರೂ ಹೋಗುವ ಹೊತ್ತಿಗೇ ನೀವೂ ಹೋಗಿ, ಹೂವು ಮೇಣದಬತ್ತಿ ತೆಗೆದುಕೊಂಡು. ಸಂಜೆ ಕತ್ತಲಾದ ಮೇಲೆ ಯಾರೂ ಇಲ್ಲದಾಗ ಹೋಗುವುದು ಬೇಡ. ಸಮಾಧಿಗಳನ್ನು ಆಶೀರ್ವದಿಸುತ್ತಾ ಗುರುಗಳು ನಿಮ್ಮ ಸಾಲಿಗೆ ಬಂದಾಗ ತಾಯಿಯ ಪಕ್ಕದಲ್ಲಿ ನಿಂತಿರಿ.